64 ಕಿಲೋಬೈಟಿನ ಬಯಲಾಟ

ಇವತ್ತಿನ ಮಾತು ಒಂದು ವಿಡಿಯೊ ಗೇಮ್ ಕುರಿತದ್ದು. ಅದು ಜಪಾನಿನದು, ವಯಸ್ಸು ನಲವತ್ತರ ಆಸುಪಾಸು. ಹೆಸರು ಡ್ರ್ಯಾಗನ್ ಕ್ವೆಸ್ಟ್. ಆಡುವವನು ಒಂದು ಪಾತ್ರ ವಹಿಸಿಕೊಂಡು, ಊರೂರು ಅಲೆದು, ಜನರನ್ನು ಮಾತನಾಡಿಸಿ, ಕಾದಾಡಿ, ಕೊನೆಗೆ ಒಂದು ದೊಡ್ಡ ಕಾರ್ಯ ಮುಗಿಸುವ ಆಟ. ಪಾತ್ರಧಾರಿ ಆಟ ಎಂದು ಇದನ್ನು ಕರೆಯಬಹುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆಯ ಕೇಳುಗರಿಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಇಂಥ ಹಳೆಯ ಆಟಗಳನ್ನು ಜನ ಇಂದಿಗೂ ಯಾಕೆ ಹುಡುಕಿಕೊಂಡು ಹೋಗಿ ಆಡುತ್ತಾರೆ ಎಂಬ ಪ್ರಶ್ನೆಗೆ ಟೋಕಿಯೊದಲ್ಲಿ ಕೂತು ಉತ್ತರ ಹುಡುಕಿದರೆ ದಾರಿ ತಪ್ಪುವ ಸಂಭವ ಹೆಚ್ಚು. ನಮ್ಮ ವಿಜಯಪುರ ಜಿಲ್ಲೆಯ ಇಂಗಳೇಶ್ವರದಲ್ಲಿ ಕೂತು ಯೋಚಿಸಿದರೆ ಉತ್ತರ ಇನ್ನಷ್ಟು ನಿಚ್ಚಳವಾಗುತ್ತದೆ. ಹೇಗೆಂಬುದನ್ನು ತೋರಿಸುವುದೇ ಈ ಭಾಷಣದ ಉದ್ದೇಶ.

ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಬಾಲ್ಯದ ಹಂಬಲ. ಚಿಕ್ಕಂದಿನಲ್ಲಿ ಆಡಿದ್ದನ್ನು ದೊಡ್ಡವರಾದ ಮೇಲೆ ಮತ್ತೆ ಆಡಿದರೆ ಹಳೆಯ ದಿನಗಳು ಮರಳಿದಂತೆ ಅನ್ನಿಸುತ್ತದೆ, ಅಷ್ಟೇ ಅದರ ಮೋಡಿ ಎಂಬ ವಾದ. ಜಪಾನಿನ ಮಟ್ಟಿಗೆ ಇದರಲ್ಲಿ ಒಂದು ಪಾಲು ಸತ್ಯ ಇರಬಹುದು. ಆದರೆ ನಮ್ಮ ಕಡೆಗೆ ಬನ್ನಿ. ಡ್ರ್ಯಾಗನ್ ಕ್ವೆಸ್ಟ್ ಜಪಾನಿನ ಅಂಗಡಿಗೆ ಬಂದದ್ದು 1986ರ ಮೇ 27ರಂದು, ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಎಂಬ ಯಂತ್ರಕ್ಕಾಗಿ. ಆ ಹೊತ್ತಿಗೆ ಇಂಗಳೇಶ್ವರದಂಥ ಊರಿನಲ್ಲಿ ಟಿವಿ ಇದ್ದ ಮನೆಗಳೇ ಅಪರೂಪ. ಜಗತ್ತಿನ ಸುದ್ದಿ ಬರುತ್ತಿದ್ದುದು ಈ ಬಾನುಲಿಯ ಮೂಲಕ. 1990ರ ದಶಕದಲ್ಲಿ ಪಟ್ಟಣದ ಅಂಗಡಿಗಳಿಗೆ 'ಟಿವಿ ಗೇಮ್' ಎಂಬ ಹೆಸರಿನಲ್ಲಿ ಬಂದ ನಕಲು ಯಂತ್ರಗಳಲ್ಲೂ ಹೆಚ್ಚಾಗಿ ಇದ್ದದ್ದು ಓಡುವ, ಜಿಗಿಯುವ, ಗುಂಡು ಹಾರಿಸುವ ಆಟಗಳು. ಓದಿ, ಯೋಚಿಸಿ, ದಿನಗಟ್ಟಲೆ ಮುಂದುವರಿಸಬೇಕಾದ ಈ ಬಗೆಯ ಆಟ ನಮ್ಮ ಮಕ್ಕಳ ಕೈಗೆ ಸಿಗಲೇ ಇಲ್ಲವೆನ್ನಬಹುದು. ಅದು ಮೊಬೈಲ್ ಫೋನಿನ ಆಟವಾಗಿ ಜಪಾನಿನ ಹೊರಗೆ ದೊರೆತದ್ದು 2014ರಲ್ಲಿ. ಹಾಗಾದರೆ ಇವತ್ತು ನಮ್ಮ ಜಿಲ್ಲೆಯ ಒಬ್ಬ ತರುಣಿಯೋ ತರುಣನೋ ಫೋನಿನಲ್ಲಿ ಈ ಆಟ ತೆರೆದು, ಅದರಲ್ಲಿ ಮುಳುಗಿದರೆ, ಅಲ್ಲಿ ಮರಳಿ ಬರಲು ಯಾವ ಬಾಲ್ಯವೂ ಇಲ್ಲ. ಹಂಬಲದ ವಾದ ಇಲ್ಲಿಗೆ ಬಂದು ಮುಗ್ಗರಿಸುತ್ತದೆ. ಜಗತ್ತಿನಲ್ಲೂ ಇದಕ್ಕೆ ಸಾಕ್ಷಿ ಇದೆ. 2015ರಲ್ಲಿ ಟೋಬಿ ಫಾಕ್ಸ್ ಎಂಬ ಅಮೆರಿಕದ ತರುಣ ಬಹುಪಾಲು ಒಬ್ಬನೇ ಕೂತು ಮಾಡಿದ 'ಅಂಡರ್‌ಟೇಲ್' ಹಳೆಯ ಜಪಾನಿ ಮಾದರಿಯ ಹೊಸ ಆಟ. ಅದನ್ನು ಆಡಿ ಮೆಚ್ಚಿದ ಮಕ್ಕಳಲ್ಲಿ ಎಷ್ಟೋ ಜನ ಫ್ಯಾಮಿಕಾಮ್ ಯಂತ್ರವನ್ನು ಕಣ್ಣಿನಿಂದಲೂ ಕಂಡವರಲ್ಲ. ಅಂದಮೇಲೆ ಸೆಳೆತದ ಕಾರಣವನ್ನು ಆಡುವವರ ನೆನಪಿನಲ್ಲಿ ಹುಡುಕಿ ಫಲವಿಲ್ಲ, ಆಟದ ಕಟ್ಟಡದಲ್ಲೇ ಹುಡುಕಬೇಕು.

ಆ ಕಟ್ಟಡವನ್ನು ಕಟ್ಟಿದವರು ಯೂಜಿ ಹೊರಿಯಿ. ಜಪಾನಿನ ವಾರಪತ್ರಿಕೆಗೆ ಬರೆಯುತ್ತಿದ್ದ ಲೇಖಕ, ಆಮೇಲೆ ಆಟಗಳತ್ತ ಹೊರಳಿದವರು. ಅಮೆರಿಕದಲ್ಲಿ 1981ರಲ್ಲಿ ವಿಜರ್ಡ್ರಿ ಮತ್ತು ಅಲ್ಟಿಮಾ ಎಂಬ ಎರಡು ಕಂಪ್ಯೂಟರ್ ಆಟಗಳು ಬಂದಿದ್ದವು. ಎರಡಕ್ಕೂ ಬೇರು 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ, ಕಾಗದ, ದಾಳ ಹಿಡಿದು ಮೇಜಿನ ಸುತ್ತ ಕೂತು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಆ ಎರಡು ಕಂಪ್ಯೂಟರ್ ಆಟಗಳೂ ಜಟಿಲ, ಕಂಪ್ಯೂಟರ್ ಬಲ್ಲವರಿಗೆ ಮೀಸಲಾದಂಥವು. ಹೊರಿಯಿ ಒಂದರಿಂದ ನಾಡಿನ ನಕ್ಷೆಯ ಮೇಲೆ ಅಡ್ಡಾಡುವ ಕ್ರಮವನ್ನೂ ಇನ್ನೊಂದರಿಂದ ಎದುರಾಳಿಯೊಡನೆ ಮುಖಾಮುಖಿ ಕಾದಾಡುವ ಕ್ರಮವನ್ನೂ ತೆಗೆದುಕೊಂಡು, ಶಾಲೆಯ ಹುಡುಗನೂ ಆಡಬಹುದಾದ ಒಂದು ಸರಳ ಆಟ ಮಾಡಿದರು. ಚಿತ್ರ ಬರೆದವರು ಅಕಿರಾ ತೊರಿಯಾಮಾ, ಸಂಗೀತ ಕೊಯಿಚಿ ಸುಗಿಯಾಮಾ ಅವರದು, ಪ್ರೋಗ್ರಾಂ ಬರೆದದ್ದು ಕೊಯಿಚಿ ನಕಾಮುರಾ ಅವರ ಚುನ್‌ಸಾಫ್ಟ್ ತಂಡ, ಪ್ರಕಾಶಕರು ಎನಿಕ್ಸ್. ಇವರೆಲ್ಲರಿಗೂ ಸಿಕ್ಕಿದ್ದ ಒಟ್ಟು ಜಾಗ 64 ಕಿಲೋಬೈಟ್. ಇವತ್ತು ನಿಮ್ಮ ಫೋನಿನಲ್ಲಿ ತೆಗೆದ ಒಂದೇ ಒಂದು ಫೋಟೊ ಇದರ ಹತ್ತಾರು ಪಟ್ಟು ಜಾಗ ಹಿಡಿಯುತ್ತದೆ. ಅಷ್ಟರೊಳಗೆ ಒಂದು ನಾಡು, ಅದರ ಊರುಗಳು, ಗುಹೆಗಳು, ಹತ್ತಾರು ಬಗೆಯ ಭೂತಗಳು, ಜನರ ಮಾತುಗಳು, ಸಂಗೀತ ಎಲ್ಲವೂ ಹಿಡಿಯಬೇಕು. ಜಾಗ ಸಾಲದೆ, ಜಪಾನಿನ ಎರಡು ಅಕ್ಷರಮಾಲೆಗಳಲ್ಲಿ ಒಂದಾದ ಕತಕಾನದಿಂದ ಇಪ್ಪತ್ತು ಅಕ್ಷರಗಳನ್ನಷ್ಟೇ ಇಟ್ಟುಕೊಂಡು, ಆ ಇಪ್ಪತ್ತರಲ್ಲೇ ಬರೆಯಲು ಬರುವ ಹೆಸರುಗಳನ್ನು ಭೂತಗಳಿಗೂ ಊರುಗಳಿಗೂ ಇಟ್ಟರು. ನಾಯಕನ ಚಿತ್ರವೂ ಒಂದೇ ದಿಕ್ಕಿಗೆ. ಮೂಡಲಕ್ಕೆ ಹೋಗಲಿ, ಪಡುವಲಕ್ಕೆ ಹೋಗಲಿ, ಅವನ ಮುಖ ಸದಾ ನಮ್ಮತ್ತಲೇ. ಏಡಿಯಂತೆ ಅಡ್ಡಡ್ಡ ನಡೆಯುತ್ತಾನೆ.

ಈಗ ಈ ಬಡತನದೊಳಗೆ ಹೊರಿಯಿ ಏನು ಮಾಡಿದರು ಎಂಬುದನ್ನು ಹತ್ತಿರದಿಂದ ನೋಡೋಣ. ಆಟ ಶುರುವಾಗುವುದು ಒಂದು ಅರಮನೆಯ ಕೋಣೆಯಲ್ಲಿ. ರಾಜ ಎದುರಿಗೆ ಕೂತಿದ್ದಾನೆ. ಮೂರು ಪೆಟ್ಟಿಗೆಗಳಿವೆ, ಬೀಗ ಹಾಕಿದ ಒಂದು ಬಾಗಿಲಿದೆ, ಬಾಗಿಲಾಚೆ ಕೆಳಗಿಳಿಯುವ ಮೆಟ್ಟಿಲಿದೆ. ರಾಜನನ್ನು ಮಾತನಾಡಿಸದೆ ಏನು ಮಾಡಬೇಕೆಂದು ತಿಳಿಯದು. ಪೆಟ್ಟಿಗೆ ತೆರೆಯದೆ ಕೀಲಿ ಸಿಗದು. ಕೀಲಿ ಬಳಸದೆ ಬಾಗಿಲು ತೆರೆಯದು. ಮೆಟ್ಟಿಲಿನ ಆಜ್ಞೆ ಕೊಡದೆ ಇಳಿಯಲಾಗದು. ಆಟದ ಅರ್ಧ ವ್ಯಾಕರಣ ಆ ಒಂದು ಕೋಣೆಯಲ್ಲಿದೆ. ಯಾರೂ ಪಾಠ ಹೇಳುವುದಿಲ್ಲ, ಹೊರಗೆ ಬರುವಷ್ಟರಲ್ಲಿ ಪಾಠ ಮಾತ್ರ ಮುಗಿದಿರುತ್ತದೆ. ಪೆಟ್ಟಿಗೆಯಲ್ಲಿ ಸಿಕ್ಕ ನಾಣ್ಯ 120. ಪಕ್ಕದ ಊರಿನ ಅಂಗಡಿಯಲ್ಲಿ ತಾಮ್ರದ ಕತ್ತಿಗೆ 180, ಅದು ಕೈಗೆಟುಕದು. ಬಿದಿರಿನ ಕೋಲಿಗೆ 10, ದೊಣ್ಣೆಗೆ 60. ತೊಗಲಿನ ಅಂಗಿಗೆ 70, ಬಟ್ಟೆಯ ಅಂಗಿಗೆ 20. ಗಾಯಕ್ಕೆ ಹಚ್ಚುವ ಸೊಪ್ಪಿಗೆ 24, ದೀವಟಿಗೆಗೆ 8. ದೊಣ್ಣೆ, ತೊಗಲಂಗಿ ಎರಡನ್ನೂ ಕೊಳ್ಳುತ್ತೇನೆಂದರೆ ಹತ್ತು ನಾಣ್ಯ ಕಡಿಮೆ ಬೀಳುತ್ತದೆ. ದೊಣ್ಣೆ, ಬಟ್ಟೆಯಂಗಿ, ಒಂದು ಸೊಪ್ಪು, ಎರಡು ದೀವಟಿಗೆ ಎಂದರೆ ಲೆಕ್ಕ ಸರಿಯಾಗಿ 120ಕ್ಕೆ ಕೂಡುತ್ತದೆ. ಇದು ಯಂತ್ರದ ಶಕ್ತಿಯಿಂದ ಆದದ್ದಲ್ಲ, ಯಾರೋ ಕೂತು ಯೋಚಿಸಿದ್ದರಿಂದ ಆದದ್ದು. ಕೈಯಲ್ಲಿ ಇರುವ ದುಡ್ಡಿಗೂ ಬೇಕಾದ ಸಾಮಾನಿಗೂ ನಡುವೆ ಸಣ್ಣದೊಂದು ಕೊರತೆ ಇಟ್ಟು, ಯಾವುದು ಬಿಡಬೇಕು ಎಂಬ ತೀರ್ಮಾನವನ್ನು ಆಡುವವರಿಗೆ ಒಪ್ಪಿಸಲಾಗಿದೆ.

ಅರಮನೆಯ ಹೊರಗೆ ಕಾಲಿಟ್ಟ ಕೂಡಲೇ ಇನ್ನೊಂದು ನೋಟ. ನೀರಿನ ಆಚೆಗೆ, ಕಣ್ಣಳತೆಯಲ್ಲೇ, ವೈರಿಯ ಕೋಟೆ. ಗೆಲ್ಲಬೇಕಾದ್ದು ಮೊದಲ ಕ್ಷಣದಲ್ಲೇ ಕಾಣಿಸುತ್ತದೆ. ದಾರಿ ಮಾತ್ರ ಇಲ್ಲ. ಇಡೀ ನಾಡನ್ನು ಸುತ್ತಿ, ಬೇಕಾದ್ದನ್ನು ಸಂಪಾದಿಸಿಕೊಂಡು ಆ ಎದುರು ದಂಡೆಗೆ ಬರುವುದೇ ಆಟ. ನಾಡಿನಲ್ಲಿ ಎಲ್ಲೂ ಹೋಗಬಾರದೆಂಬ ಫಲಕ ಇಲ್ಲ. ಆದರೆ ಒಂದೊಂದು ಸೇತುವೆ ದಾಟಿದಂತೆ ಎದುರಾಗುವ ಭೂತಗಳ ಬಲ ಏರುತ್ತದೆ. ಸೇತುವೆ ದಾಟಿ ಎರಡು ಪೆಟ್ಟು ತಿಂದವನಿಗೆ ತನ್ನ ಅಳತೆ ತಾನೇ ತಿಳಿಯುತ್ತದೆ. ಹಿಂದಿರುಗಬೇಕೋ, ಧೈರ್ಯ ಮಾಡಬೇಕೋ ಅವನೇ ನಿರ್ಧರಿಸುತ್ತಾನೆ. ಗುಹೆಯೊಳಗೆ ಹೊಕ್ಕರೆ ಕಗ್ಗತ್ತಲು. ದೀವಟಿಗೆ ಹೊತ್ತಿಸಿದರೆ ಕಾಲಿನ ಸುತ್ತ ಒಂದೊಂದು ಚೌಕ ಮಾತ್ರ ಬೆಳಗುತ್ತದೆ. ಉಳಿದ ಗುಹೆಯ ನಕ್ಷೆಯನ್ನು ಆಡುವವರು ತಲೆಯಲ್ಲೋ ಕಾಗದದ ಮೇಲೋ ಬರೆದುಕೊಳ್ಳಬೇಕು. ಆಟದ ನೆನಪೂ ಹಾಗೆಯೇ. ಆ ಮೂಲ ಜಪಾನಿ ಆಟದಲ್ಲಿ ಆಡಿದ್ದನ್ನು ಉಳಿಸಿಡುವ ವ್ಯವಸ್ಥೆ ಇರಲಿಲ್ಲ. ರಾಜ ಇಪ್ಪತ್ತು ಅಕ್ಷರಗಳ ಒಂದು ಮಂತ್ರ ಹೇಳುತ್ತಿದ್ದ. ನಾಯಕನ ಹೆಸರು, ಅವನ ಅನುಭವ, ಹಣ, ಆಯುಧ ಎಲ್ಲವೂ ಆ ಮಂತ್ರದಲ್ಲಿ ಅಡಗಿರುತ್ತಿತ್ತು. ಅದನ್ನು ವಹಿಯಲ್ಲಿ ಬರೆದುಕೊಂಡು ಮರುದಿನ ಒಪ್ಪಿಸಿದರೆ ಆಟ ನಿಂತಲ್ಲಿಂದ ಮುಂದುವರಿಯುತ್ತಿತ್ತು. ಒಂದಕ್ಷರ ತಪ್ಪಾಗಿ ಬರೆದುಕೊಂಡರೆ ಆ ದಿನದ ಶ್ರಮ ಹೋಯಿತು. ನನ್ನ ವಾದದ ತಿರುಳು ಇಲ್ಲಿದೆ. ಈ ಆಟದಲ್ಲಿ ಯಂತ್ರ ಅರ್ಧ ಕೆಲಸ ಮಾಡುತ್ತದೆ, ಇನ್ನರ್ಧವನ್ನು ಆಡುವವರಿಗೆ ಬಿಡುತ್ತದೆ. ಚಿತ್ರವನ್ನು ತುಂಬುವುದು, ನಕ್ಷೆ ಬರೆಯುವುದು, ನೆನಪಿಡುವುದು, ತೂಗಿ ನೋಡಿ ತೀರ್ಮಾನಿಸುವುದು ಎಲ್ಲ ನಮ್ಮ ಪಾಲಿನದು. ಸೆಳೆತ ಹುಟ್ಟುವುದು ಆ ಪಾಲುಗಾರಿಕೆಯಿಂದ.

ಇದು ಅಪರಿಚಿತ ಸಂಗತಿ ಎಂದು ವಿಜಯಪುರದ ಸೀಮೆಯವರು ಹೇಳುವ ಹಾಗಿಲ್ಲ. ಉತ್ತರ ಕರ್ನಾಟಕದ ದೊಡ್ಡಾಟವನ್ನು ನೆನೆಯಿರಿ. ಎತ್ತರದ ಒಂದು ಅಟ್ಟ, ಹಿಂದೆ ಭಾಗವತ ಮತ್ತು ಹಿಮ್ಮೇಳ, ಪಾತ್ರ ಬರುವಾಗ ಹಿಡಿಯುವ ಒಂದು ತೆರೆ. ಹಸ್ತಿನಾವತಿಯ ಚಿತ್ರ ಬರೆದ ಪರದೆ ಬೇಕಿಲ್ಲ. ಸಾರಥಿ ಮುಂದೆ ಬಂದು ನೀವು ಯಾರು, ಯಾವ ಊರಿನವರು, ಬಂದ ಕಾರಣವೇನು ಎಂದು ಕೇಳುತ್ತಾನೆ. ಪಾತ್ರಧಾರಿ ಹೇಳಿದ ಮೇಲೆ ಅವನು ಅರ್ಜುನನೇ ಆಗುತ್ತಾನೆ. ಅಟ್ಟವನ್ನು ಎರಡು ಸುತ್ತು ಹಾಕಿದರೆ ಕಾಡು ದಾಟಿ ಪರಪಟ್ಟಣ ಸೇರಿದಂತೆ. ನೋಡುವವರಲ್ಲಿ ಒಬ್ಬರೂ ಎದ್ದು, ಕಾಡೆಲ್ಲಿ ಎಂದು ಕೇಳುವುದಿಲ್ಲ. ಕಾಡನ್ನು ಅವರೇ ತಂದಿರುತ್ತಾರೆ. ಎಲ್ಲಕ್ಕಿಂತ ಮುಖ್ಯ, ಅಲ್ಲಿನ ಯುದ್ಧ. ಇಬ್ಬರು ವೀರರು ಒಮ್ಮೆಲೇ ಒಬ್ಬರ ಮೇಲೊಬ್ಬರು ಬೀಳುವುದಿಲ್ಲ. ಒಬ್ಬ ಪದ ಹಾಡಿಸಿ, ಕುಣಿದು, ತನ್ನ ಪರಾಕ್ರಮ ಹೇಳಿಕೊಂಡು, ಸವಾಲು ಹಾಕುತ್ತಾನೆ; ಅವನು ಮುಗಿಸುವ ತನಕ ಇನ್ನೊಬ್ಬ ಕಾಯುತ್ತಾನೆ; ಆಮೇಲೆ ಅವನ ಪಾಳಿ. ಡ್ರ್ಯಾಗನ್ ಕ್ವೆಸ್ಟಿನ ಕಾಳಗವೂ ಪಾಳಿಯ ಕಾಳಗ. ಎದುರಾಳಿಯ ಚಿತ್ರ ಪರದೆಯ ಮೇಲೆ ನಿಲ್ಲುತ್ತದೆ. ನಮ್ಮ ಮುಂದೆ ನಾಲ್ಕೇ ಆಯ್ಕೆ: ಹೊಡಿ, ಮಂತ್ರ ಹೇಳು, ಓಡು, ಸಾಮಾನು ಬಳಸು. ನಾವು ಆರಿಸುವ ತನಕ ಭೂತ ಕಾಯುತ್ತದೆ. ಚಹಾ ಕುಡಿದು ಬಂದರೂ ಕಾಯುತ್ತದೆ. ಪೆಟ್ಟು ಬಿತ್ತೋ, ತಪ್ಪಿತೋ ಎಂಬುದನ್ನು ಒಂದು ಸಾಲಿನ ಮಾತು ತಿಳಿಸುತ್ತದೆ. ನಾಯಕ ಮಾತ್ರ ಆ ಪರದೆಯಲ್ಲಿ ಕಾಣುವುದೇ ಇಲ್ಲ, ಯಾಕೆಂದರೆ ಆ ಜಾಗದಲ್ಲಿ ನಾವಿದ್ದೇವೆ. ಅವನು ಒಂದು ಮಾತೂ ಆಡುವುದಿಲ್ಲ, ಹೆಸರೂ ನಾವಿಟ್ಟದ್ದೇ.

ಸಂಗೀತದಲ್ಲೂ ಇದೇ ಕಥೆ. ಫ್ಯಾಮಿಕಾಮ್ ಯಂತ್ರದಲ್ಲಿ ರಾಗ ನುಡಿಸಲು ಸಿಗುವುದು ಮೂರು ಎಳೆ ಮಾತ್ರ. ಜೊತೆಗೆ ತಾಳಕ್ಕೂ ಗದ್ದಲಕ್ಕೂ ಆಗುವಂಥ ಒಂದು ಸದ್ದು. ಸುಗಿಯಾಮಾ ಅವರಿಗೆ ಆಗ 55 ವರ್ಷ, ದೂರದರ್ಶನಕ್ಕೂ ಜಾಹೀರಾತಿಗೂ ಸಂಗೀತ ಕೊಟ್ಟು ಹೆಸರಾದವರು. ಮೂರು ಎಳೆ ಸಾಲದು ಎಂದು ಅವರು ಕೈಬಿಡಲಿಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಎರಡು ಮೂರು ಎಳೆಗಳನ್ನೇ ಹೆಣೆದು ತುಂಬು ನಾದ ಹೊಮ್ಮಿಸುವ ಪದ್ಧತಿಯನ್ನು ಇಲ್ಲಿಗೆ ತಂದರು. ಗುಹೆಯಲ್ಲಿ ಒಂದೊಂದು ಅಂತಸ್ತು ಕೆಳಗಿಳಿದಂತೆ ಅದೇ ರಾಗ ಇನ್ನಷ್ಟು ತಗ್ಗಿದ ಸ್ವರದಲ್ಲಿ, ಇನ್ನಷ್ಟು ನಿಧಾನವಾಗಿ ಕೇಳಿಸುತ್ತದೆ. ಹೊಸ ರಾಗಕ್ಕೆ ಜಾಗ ಇರಲಿಲ್ಲ, ಇದ್ದ ರಾಗದಿಂದಲೇ ಆಳದ ಅನುಭವ ಬಂತು. 2021ರ ಜುಲೈ 23ರಂದು ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ದೇಶದೇಶಗಳ ಕ್ರೀಡಾಪಟುಗಳು ಮೈದಾನಕ್ಕೆ ಬರುವಾಗ ಮೊದಲು ಮೊಳಗಿದ್ದು ಈ ಆಟದ ಆರಂಭ ಸಂಗೀತ, ವಾದ್ಯವೃಂದದ ತುಂಬು ದನಿಯಲ್ಲಿ. ಮೂರು ಎಳೆಗಾಗಿ ಬರೆದ ರಾಗ ಅಷ್ಟು ದೊಡ್ಡ ಮೈದಾನವನ್ನು ತುಂಬಿತು ಎಂದರೆ, ಮೊದಲೇ ಅದರ ಎಲುಬು ಗಟ್ಟಿಯಾಗಿತ್ತು ಎಂದರ್ಥ.

ಈಗ ಆಕ್ಷೇಪಗಳ ಕಡೆ ಬರೋಣ. ಮೊದಲನೆಯದು ಹೀಗಿದೆ: ಇದು ಬಡತನಕ್ಕೆ ಬಂಗಾರದ ನೀರು ಹೊಯ್ಯುವ ಮಾತು. ಯಂತ್ರಕ್ಕೆ ಶಕ್ತಿ ಇರಲಿಲ್ಲ, ಆದ್ದರಿಂದ ಹಾಗೆ ಮಾಡಿದರು. ಶಕ್ತಿ ಇದ್ದಿದ್ದರೆ ಎಲ್ಲವನ್ನೂ ತೋರಿಸುತ್ತಿದ್ದರು. ಆಗಿನ ಅನಿವಾರ್ಯತೆಯನ್ನು ಈಗ ಕಲೆ ಎಂದು ಕೊಂಡಾಡುವುದು ಯಾಕೆ? ಈ ಆಕ್ಷೇಪದಲ್ಲಿ ಹುರುಳಿದೆ. ಮಿತಿ ತಾನಾಗಿ ಯಾವ ಕಲೆಯನ್ನೂ ಹುಟ್ಟಿಸುವುದಿಲ್ಲ. ಅದೇ ಯಂತ್ರಕ್ಕೆ, ಅಷ್ಟೇ ಜಾಗದಲ್ಲಿ ನೂರಾರು ಕಳಪೆ ಆಟಗಳು ಬಂದು ಹೋದವು. ಆದರೆ ಮಿತಿಯೊಳಗೆ ಏನನ್ನು ಬಿಟ್ಟರು, ಏನನ್ನು ಉಳಿಸಿಕೊಂಡರು ಎಂಬುದರಲ್ಲಿ ಕಲಾವಿದ ಕಾಣುತ್ತಾನೆ. ಇದಕ್ಕೆ ಒಳ್ಳೆಯ ಪುರಾವೆ 1988ರಲ್ಲಿ ಬಂದ ಡ್ರ್ಯಾಗನ್ ಕ್ವೆಸ್ಟಿನ ಮೂರನೆಯ ಕಂತು. ಆಗ ಜಾಗ ನಾಲ್ಕು ಪಟ್ಟಾಗಿ 256 ಕಿಲೋಬೈಟ್ ಸಿಕ್ಕಿತ್ತು. ಅಷ್ಟಾದರೂ ಸಾಲದೆ ಬಂದಾಗ ಅವರು ಕತ್ತರಿ ಹಾಕಿದ್ದು ಆಟದ ಮೊದಲ ಪುಟಕ್ಕೆ. ಅಂಗಡಿಯಲ್ಲಿ ಕಣ್ಣು ಸೆಳೆಯಬೇಕಾದ ಆ ಅಲಂಕಾರದ ಶೀರ್ಷಿಕೆ ಚಿತ್ರವನ್ನು ತೆಗೆದು, ಕಪ್ಪು ಪರದೆಯ ಮೇಲೆ ಬರೀ ಅಕ್ಷರ ಇಟ್ಟು, ಉಳಿದ ಜಾಗವನ್ನು ಒಳಗಿನ ನಾಡಿಗೆ ಕೊಟ್ಟರು. ಇನ್ನೊಂದು ಪುರಾವೆ ಈಚಿನದು. ಇದೇ ಮೂರನೆಯ ಕಂತನ್ನು 2024ರ ನವೆಂಬರಿನಲ್ಲಿ, ಮೊದಲೆರಡು ಕಂತುಗಳನ್ನು 2025ರ ಅಕ್ಟೋಬರಿನಲ್ಲಿ ಹೊಸ ಯಂತ್ರಗಳಿಗಾಗಿ ಮತ್ತೆ ರೂಪಿಸಿದರು. ಈಗ ಜಾಗಕ್ಕೆ ಬರವಿಲ್ಲ; ನೀರು ಮಿನುಗುತ್ತದೆ, ಬೆಳಕು ಸರಿದಾಡುತ್ತದೆ. ಆದರೂ ಪಾಳಿಯ ಕಾಳಗವನ್ನು ಬಿಡಲಿಲ್ಲ, ಚೌಕಚೌಕದ ಚಿಕ್ಕ ಗೊಂಬೆಗಳನ್ನೂ ಬಿಡಲಿಲ್ಲ. ಅನಿವಾರ್ಯತೆ ಹೋದ ಮೇಲೂ ಒಂದು ಪದ್ಧತಿ ಉಳಿದರೆ ಅದನ್ನು ಅನಿವಾರ್ಯತೆ ಎನ್ನಲಾಗದು, ಶೈಲಿ ಎನ್ನಬೇಕು.

ಎರಡನೆಯ ಆಕ್ಷೇಪ ತಂದೆ ತಾಯಿಯರದು, ಮಾಸ್ತರರದು: ಇದು ಹೊತ್ತು ಹಾಳುಮಾಡುವ ಚಟ. ಅದೇ ಭೂತವನ್ನು ಮತ್ತೆ ಮತ್ತೆ ಹೊಡೆದು ಅಂಕ ಕೂಡಿಸುವುದರಲ್ಲಿ ಏನು ಬುದ್ಧಿ? ಈ ದೂರಿಗೆ ಇತಿಹಾಸದ ಆಧಾರವೂ ಇದೆ. ಮೂರನೆಯ ಕಂತು ಮಾರಾಟಕ್ಕೆ ಬಂದ 1988ರ ಫೆಬ್ರುವರಿ 10 ಬುಧವಾರ. ಜಪಾನಿನಲ್ಲಿ ಶಾಲೆ ತಪ್ಪಿಸಿ ಅಂಗಡಿಯ ಸಾಲಿನಲ್ಲಿ ನಿಂತ ಸುಮಾರು 300 ವಿದ್ಯಾರ್ಥಿಗಳನ್ನು ಪೊಲೀಸರು ಹಿಡಿದರೆಂಬ ವರದಿ ಆಗ ದೊಡ್ಡ ಸುದ್ದಿಯಾಯಿತು. ರಜೆಯ ದಿನ ಬಿಟ್ಟು ಬೇರೆ ದಿನ ಈ ಆಟ ಮಾರಬಾರದೆಂದು ಜಪಾನ್ ಸರಕಾರ ಕಾನೂನು ಮಾಡಿತು ಎಂಬ ಕಥೆ ಇಂದಿಗೂ ಓಡಾಡುತ್ತದೆ. ಅಂಥ ಕಾನೂನು ಯಾವುದೂ ಇಲ್ಲ. ನಾಲ್ಕನೆಯ ಕಂತನ್ನು ಪ್ರಕಾಶಕರೇ ಭಾನುವಾರ ಮಾರಾಟಕ್ಕೆ ತಂದರು. ಅತಿಯಾದರೆ ಯಾವುದೂ ಕೆಡುಕೇ. ಆದರೆ ಚಟದ ಪ್ರಶ್ನೆಯನ್ನು ಸರಿಯಾಗಿ ಕೇಳಬೇಕಾದರೆ ಎರಡು ಬಗೆಯ ಆಟಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು. ಹಳೆಯ ಡ್ರ್ಯಾಗನ್ ಕ್ವೆಸ್ಟನ್ನು ಒಮ್ಮೆ ದುಡ್ಡು ಕೊಟ್ಟು ಕೊಂಡರೆ ಮುಗಿಯಿತು. ಅದಕ್ಕೆ ಕೊನೆ ಇದೆ. ಕೆಲವು ಸಂಜೆಗಳಲ್ಲಿ ಕಥೆ ಮುಗಿದು, ಆಟ ನಮ್ಮನ್ನು ಬೀಳ್ಕೊಡುತ್ತದೆ. ನಡುರಾತ್ರಿ ಗಂಟೆ ಬಾರಿಸಿ, ಇವತ್ತು ಬರದಿದ್ದರೆ ಬಹುಮಾನ ಹೋಯಿತು ಎಂದು ಹೆದರಿಸುವುದಿಲ್ಲ. ಈಗಿನ ಎಷ್ಟೋ ಮೊಬೈಲ್ ಆಟಗಳು ಕೊನೆಯೇ ಇಲ್ಲದಂತೆ ಕಟ್ಟಿದವು. ಮತ್ತೆ ಮತ್ತೆ ದುಡ್ಡು ಸುರಿದು ಅದೃಷ್ಟದ ಚೀಟಿ ಎತ್ತಿಸುವುದೇ ಅವುಗಳ ಆದಾಯ. ನ್ಯಾಯವಾಗಿ ಹೇಳಬೇಕೆಂದರೆ ಅಂಥ ಚೀಟಿಯ ಪದ್ಧತಿಯನ್ನು ಬೆಳೆಸಿದ್ದರಲ್ಲೂ ಜಪಾನಿನ ಪಾಲು ದೊಡ್ಡದು. ಡ್ರ್ಯಾಗನ್ ಕ್ವೆಸ್ಟ್ ಹೆಸರಿನಲ್ಲೇ 2019ರಲ್ಲಿ ಬಂದ ಫೋನಿನ ಆಟವೊಂದರಲ್ಲೂ ಅದು ಇದೆ. ಹೆಸರು ಒಂದೇ ಆದರೂ ಒಡಂಬಡಿಕೆ ಬೇರೆ. ನಾನು ಹೊಗಳುತ್ತಿರುವುದು ಹಳೆಯ ಒಡಂಬಡಿಕೆಯನ್ನು.

ಮತ್ತೆ ಮತ್ತೆ ಹೊಡೆಯುವ ದುಡಿಮೆಯ ಬಗ್ಗೆಯೂ ಒಂದು ಮಾತು. ಆಟದ ಅತಿ ಸಣ್ಣ ಭೂತ ಸ್ಲೈಮ್, ನೀರಹನಿಯ ಆಕಾರದ, ನಗುಮೊಗದ ಪ್ರಾಣಿ. ಒಂದನ್ನು ಗೆದ್ದರೆ ಒಂದು ಅನುಭವಾಂಕ. ಏಳು ಕೂಡಿದರೆ ನಾಯಕ ಎರಡನೆಯ ಮೆಟ್ಟಿಲಿಗೆ ಏರುತ್ತಾನೆ. ಸೋತು ಸತ್ತರೆ? ಮತ್ತೆ ರಾಜನ ಮುಂದೆ ಎದ್ದು ನಿಲ್ಲುತ್ತಾನೆ, ರಾಜ ಗದರುತ್ತಾನೆ, ಕೈಯಲ್ಲಿದ್ದ ಹಣದಲ್ಲಿ ಅರ್ಧ ಹೋಗಿರುತ್ತದೆ. ಆದರೆ ಗಳಿಸಿದ ಅನುಭವ ಒಂದಂಕವೂ ಕಡಿಮೆಯಾಗುವುದಿಲ್ಲ. ಹಣ ಕಳೆಯಬಹುದು, ಕಲಿತದ್ದು ಕಳೆಯದು ಎಂಬುದು ಇಲ್ಲಿ ಉಪದೇಶವಾಗಿ ಬರುವುದಿಲ್ಲ, ಲೆಕ್ಕದ ನಿಯಮವಾಗಿ ಬರುತ್ತದೆ. ಕೈ ಚುರುಕಿಲ್ಲದವರೂ ತಾಳ್ಮೆಯಿಂದ ಆಡಿದರೆ ಗೆಲ್ಲಬಹುದು ಎಂಬುದು ಹೊರಿಯಿ ಬುದ್ಧಿಪೂರ್ವಕವಾಗಿ ಮಾಡಿಕೊಂಡ ಆಯ್ಕೆ. ಬೆರಳಿನ ವೇಗವನ್ನೇ ಅಳೆಯುವ ಆಟಗಳಲ್ಲಿ ಹತ್ತು ವರ್ಷದ ಹುಡುಗನ ಮುಂದೆ ಅಜ್ಜಿ ಸೋಲುತ್ತಾಳೆ. ಇಲ್ಲಿ ಇಬ್ಬರೂ ಸರಿಸಮ.

ಮೂರನೆಯ ಆಕ್ಷೇಪ ಇನ್ನೂ ಸೂಕ್ಷ್ಮವಾದದ್ದು. ಪಾಲುಗಾರಿಕೆ ಎನ್ನುತ್ತೀರಿ, ಆದರೆ ಕಥೆ ಮೊದಲೇ ಬರೆದಿಟ್ಟದ್ದು. ಬಿಡಿಸಿ ತಂದ ರಾಜಕುಮಾರಿ ನಿಮ್ಮೊಡನೆ ಬರಲೇ ಎಂದು ಕೇಳಿದಾಗ ಬೇಡ ಎಂದರೂ ಬಿಡುವುದಿಲ್ಲ. ಹೂಂ ಅನ್ನುವ ತನಕ ಅದೇ ಪ್ರಶ್ನೆ ತಿರುತಿರುಗಿ ಬರುತ್ತದೆ. ಇದೆಂಥ ಸ್ವಾತಂತ್ರ್ಯ? ಮಾತು ನಿಜ, ಆ ಜಾಗ ನಗೆ ತರಿಸುವಂಥದ್ದೇ. ಆದರೆ ಕಥೆಯ ಕೊನೆ ಗೊತ್ತಿದ್ದ ಮಾತ್ರಕ್ಕೆ ಪಾಲುಗಾರಿಕೆ ಸುಳ್ಳಾಗುವುದಿಲ್ಲ. ಶ್ರೀಕೃಷ್ಣ ಪಾರಿಜಾತ ನೋಡಲು ಹೋದವರಿಗೆ ಸತ್ಯಭಾಮೆಯ ಮುನಿಸು ಏನಾಗುತ್ತದೆಂದು ಮೊದಲೇ ಗೊತ್ತು. ಆದರೂ ಬೆಳತನಕ ಕೂಡುತ್ತಾರೆ. ಏನಾಗುತ್ತದೆ ಎಂಬ ಕುತೂಹಲಕ್ಕಿಂತ ಹೇಗೆ ಆಗುತ್ತದೆ ಎಂಬ ಆಸ್ಥೆ ದೀರ್ಘಾಯುಷಿ. ಇನ್ನು, ಡ್ರ್ಯಾಗನ್ ಕ್ವೆಸ್ಟಿನ ಕೊನೆಯಲ್ಲಿ ಒಂದು ನಿಜವಾದ ಆಯ್ಕೆಯೂ ಇದೆ. ವೈರಿ ಎದುರಿಗೆ ನಿಂತು, ಕಾದುವುದು ಬೇಡ, ನನ್ನ ಜೊತೆ ಸೇರು, ಅರ್ಧ ಲೋಕ ನಿನಗೆ ಎನ್ನುತ್ತಾನೆ. ಹೂಂ ಎಂದರೆ ಆಟ ಅಲ್ಲಿಗೇ ಮುಗಿಯುತ್ತದೆ, ಕತ್ತಲಿನಲ್ಲಿ. ರಾಜಕುಮಾರಿಯ ಮುಂದೆ ಬೇಡ ಎಂಬ ಮಾತಿಗೆ ಬೆಲೆ ಇರಲಿಲ್ಲ. ಇಲ್ಲಿ ಹೂಂ ಎಂಬ ಮಾತಿಗೆ ಪೂರ್ತಿ ಬೆಲೆ ತೆರಬೇಕು. ಎಲ್ಲಿ ಆಯ್ಕೆ ಕೊಡಬೇಕು, ಎಲ್ಲಿ ಕೊಡಬಾರದು ಎಂದು ತೂಗಿದ ಕೈ ಅದು.

ನಾಲ್ಕನೆಯ ಆಕ್ಷೇಪ ನಮ್ಮ ನೆಲದಿಂದಲೇ ಏಳುವಂಥದ್ದು. ಕೋಟೆ, ಕತ್ತಿ, ಬೆಂಕಿಯುಗುಳುವ ಹಾವು ಇವೆಲ್ಲ ಯುರೋಪಿನ ಕಥೆಗಳು. ಜಪಾನಿನವರು ಅಮೆರಿಕದಿಂದ ತಂದರು. ನಾವ್ಯಾಕೆ ಮೂರನೆಯ ಕೈಯಿಂದ ಪಡೆಯಬೇಕು? ಕಥೆಯ ಸಾಮಗ್ರಿ ಯಾರದಾದರೇನು, ಅದನ್ನು ಜಪಾನಿನವರು ತಮ್ಮದಾಗಿ ಮಾಡಿಕೊಂಡ ರೀತಿ ನಮಗೆ ಪಾಠ. ಆದರೆ ಇದರ ಬೆನ್ನಿಗೆ ಇರುವ ನಿಜವಾದ ತೊಡಕು ಭಾಷೆಯದು, ಅದನ್ನು ಮುಚ್ಚಿಡಬಾರದು. ಈ ಆಟದ ಜೀವಾಳ ಓದು. ಊರಿನವರ ಒಂದೊಂದು ಮಾತಿನಲ್ಲೂ ಸುಳಿವಿದೆ. ಓದಲು ಬರದಿದ್ದರೆ ಆಟವೇ ಇಲ್ಲ. ಕನ್ನಡದಲ್ಲಿ ಅದು ಇಲ್ಲ. ಇಂಗಳೇಶ್ವರದ ಶಾಲೆಯಲ್ಲಿ ಕನ್ನಡದಲ್ಲಿ ಓದುವ ಮಗುವಿಗೆ ಅದರ ಬಾಗಿಲು ಇಂಗ್ಲಿಷಿನ ಮೂಲಕವೇ ತೆರೆಯಬೇಕು. ನಾನು ಹೇಳಿದ ಪಾಲುಗಾರಿಕೆಯಲ್ಲಿ ಅರ್ಧ ಪಾಲು ಅಲ್ಲಿಯೇ ಕಡಿತವಾಗುತ್ತದೆ. ಕನ್ನಡ ಅಕ್ಷರ ಅಂಥ ಆಟಗಳಿಗೆ ಒಗ್ಗದು ಎಂಬ ನೆಪವೂ ನಿಲ್ಲುವುದಿಲ್ಲ. ಹಳೆಯ ಯಂತ್ರದಲ್ಲಿ ಒಂದು ಅಕ್ಷರಕ್ಕೆ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಚೌಕ ಸಿಗುತ್ತಿತ್ತು. ಜಪಾನಿ ಅಕ್ಷರಕ್ಕೂ ಅದು ಸಾಲದೆ, ಗ, ದ, ಬ ಮುಂತಾದ ಧ್ವನಿಗಳಿಗೆ ಹಾಕುವ ಎರಡು ಗೀಟುಗಳನ್ನು ಮೇಲಿನ ಚೌಕದಲ್ಲಿ ಇಟ್ಟರು. ನಮ್ಮ ಒತ್ತಕ್ಷರಕ್ಕೆ ಕೆಳಗಿನ ಚೌಕವನ್ನು ಬಳಸಿದರೆ ಅದೇ ಉಪಾಯ ನಮಗೂ ಒದಗುತ್ತಿತ್ತು. ಈಗಂತೂ ಫೋನಿನಲ್ಲಿ ಕನ್ನಡ ಸಲೀಸಾಗಿ ಮೂಡುತ್ತದೆ. ಕೊರತೆ ಯಂತ್ರದಲ್ಲಿಲ್ಲ, ಮಾಡುವವರಲ್ಲಿ.

ನುಡಿಯನ್ನು ಹೊಸ ಪಾತ್ರೆಗೆ ತುಂಬುವ ವಿಷಯದಲ್ಲಿ ವಿಜಯಪುರ ಜಿಲ್ಲೆಗೆ ಒಂದು ದೊಡ್ಡ ಪರಂಪರೆಯೇ ಇದೆ. ತಾಳೆಗರಿಯಲ್ಲಿ ಚದುರಿಹೋಗಿದ್ದ ವಚನಗಳನ್ನು ಹುಡುಕಿ, 1923ರಲ್ಲಿ 'ವಚನ ಶಾಸ್ತ್ರಸಾರ'ವನ್ನು ಅಚ್ಚು ಹಾಕಿಸಿದ ಫ. ಗು. ಹಳಕಟ್ಟಿಯವರು ಈ ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದವರು. ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೆಂದು ಪರಂಪರೆ ನಂಬಿಕೊಂಡು ಬಂದ ಇಂಗಳೇಶ್ವರದಲ್ಲಿ ಅದೇ ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿದ ವಚನ ಶಿಲಾ ಮಂಟಪ ಇದೆ. ಗರಿಯಿಂದ ಕಾಗದಕ್ಕೆ, ಕಾಗದದಿಂದ ಕಲ್ಲಿಗೆ ಬಂದರೂ ವಚನ ವಚನವಾಗಿಯೇ ಉಳಿಯಿತು. ಯಾಕೆಂದರೆ ಕೆಲವೇ ಸಾಲಿನಲ್ಲಿ ಹೇಳಿ, ಉಳಿದದ್ದನ್ನು ಓದುವವರ ಬಾಳಿಗೆ ಬಿಡುವ ಅದರ ಸ್ವಭಾವ ಬರೆದ ವಸ್ತುವಿಗೆ ಅಂಟಿಕೊಂಡದ್ದಲ್ಲ. ಶರಣರನ್ನು ಆಟದ ಗೊಂಬೆಗಳನ್ನಾಗಿ ಮಾಡಬೇಕೆಂದು ನಾನು ಹೇಳುತ್ತಿಲ್ಲ. ವಚನಕ್ಕೂ ಆಟಕ್ಕೂ ಒಂದೇ ತಕ್ಕಡಿಯೂ ಸಲ್ಲದು. ಹೇಳುತ್ತಿರುವುದು ಇಷ್ಟೇ: ಒಂದು ರೂಪ ಬಾಳುವುದು ಯಾರಾದರೂ ಅದನ್ನು ಹೊಸ ಪಾತ್ರೆಗೆ ತುಂಬುವ ಶ್ರಮ ಪಟ್ಟಾಗ. ದೊಡ್ಡಾಟದ ಕಥೆಗಳು, ನಮ್ಮ ಊರುಗಳ ನಕ್ಷೆ, ಕೃಷ್ಣೆ ಡೋಣಿ ಭೀಮೆಯರ ದಂಡೆ, ನಮ್ಮ ಸೀಮೆಯ ಮಾತು ಇವನ್ನೆಲ್ಲ ಇಟ್ಟುಕೊಂಡು ಒಂದು ಚಿಕ್ಕ ಪಾತ್ರಧಾರಿ ಆಟ ಮಾಡಲು ಇವತ್ತು ದೊಡ್ಡ ಕಂಪನಿ ಬೇಕಿಲ್ಲ. ಟೋಬಿ ಫಾಕ್ಸ್ ಅದನ್ನು ತೋರಿಸಿಕೊಟ್ಟಿದ್ದಾರೆ. ಇಂಜಿನಿಯರಿಂಗ್ ಕಾಲೇಜಿನ ನಾಲ್ಕು ಜನ, ದೊಡ್ಡಾಟದ ಮಾಸ್ತರರೊಬ್ಬರು, ಒಂದು ಹಳೆಯ ಕಂಪ್ಯೂಟರ್ ಸಾಕು. ಚಿತ್ರ ಚೆನ್ನಾಗಿ ಬರಬೇಕೆಂಬ ಹಟ ಬೇಡ. ಮಾತು ಚೆನ್ನಾಗಿರಬೇಕು, 120 ನಾಣ್ಯದ ಲೆಕ್ಕದಂಥ ಲೆಕ್ಕ ಸರಿಯಾಗಿ ಕೂಡಬೇಕು.

ಕೊನೆಯದಾಗಿ, ಈ ವಾದದಿಂದ ಮನೆಯ ಹಿರಿಯರಿಗೂ ಒಂದು ಅಳತೆಗೋಲು ದೊರೆಯುತ್ತದೆ. ಮಕ್ಕಳ ಕೈಯಲ್ಲಿರುವ ಆಟ ಹೊಸದೋ ಹಳೆಯದೋ, ದೇಶಿಯೋ ವಿದೇಶಿಯೋ ಎಂದು ಕೇಳುವುದಕ್ಕಿಂತ ಅದು ಆಡುವವರಿಂದ ಏನನ್ನು ಬೇಡುತ್ತದೆ ಎಂದು ಕೇಳುವುದು ಒಳ್ಳೆಯದು. ಬರೀ ಹೊತ್ತನ್ನೂ ದುಡ್ಡನ್ನೂ ಬೇಡುವ ಆಟ ಬೇರೆ; ಓದನ್ನು, ನೆನಪನ್ನು, ತಾಳ್ಮೆಯನ್ನು, ಕಲ್ಪನೆಯನ್ನು ಬೇಡಿ, ಕೆಲಸ ಮುಗಿದ ಮೇಲೆ ತಾನಾಗಿ ಬಿಟ್ಟುಕೊಡುವ ಆಟ ಬೇರೆ. ಹಳೆಯ ಜಪಾನಿ ಪಾತ್ರಧಾರಿ ಆಟ ಎರಡನೆಯ ಬಗೆಯದು. ಅದನ್ನು ಎಂದೂ ಕಂಡಿರದ ಊರಿನಲ್ಲೂ ಅದು ಹೊಸಬರನ್ನು ಹಿಡಿದು ನಿಲ್ಲಿಸಬಲ್ಲುದಾದರೆ ಅದಕ್ಕೆ ಕಾರಣ ಅದರ ಹಳತನ ಅಲ್ಲ. ಆಡುವವರು ಬುದ್ಧಿವಂತರು, ಉಳಿದದ್ದನ್ನು ಅವರೇ ತುಂಬಿಕೊಳ್ಳುತ್ತಾರೆ ಎಂದು ಅದು ನಂಬಿದೆ. ಹಾಗೆ ನಂಬುವ ಆಟ ಕನ್ನಡದಲ್ಲೂ ಬಂದಾಗ, ಅದಕ್ಕೆ ಆಡುವವರ ಕೊರತೆ ಆಗಲಾರದು.